ಹಳದಿ ಕಿಟಕಿ

ಹಳೇ ಚಿತ್ರಗಳ ಕೊಳೆ ತೆಗೆಯುವುದು ನನ್ನ ಕೆಲಸ. ಅಪ್ಪನದೂ ಅದೇ ಆಗಿತ್ತು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ದ್ರಾವಣದಲ್ಲಿ ಅದ್ದಿ, ಉಗುರಿನಗಲ ಜಾಗವನ್ನು ಅರ್ಧ ಗಂಟೆ ಒರೆಸಬೇಕು. ನಿಮಗೆಷ್ಟು ತಾಳ್ಮೆ ಎಂದು ಬಂದವರೆಲ್ಲ ಹೊಗಳುತ್ತಾರೆ. ಕಡ್ಡಿ ಕೈಯಲ್ಲಿರುವಷ್ಟು ಹೊತ್ತು ಇರುತ್ತದೆ, ಕೆಳಗಿಟ್ಟ ಮೇಲೆ ನನ್ನ ಕೋಪ ಮೂಗಿನ ತುದಿಯಲ್ಲೇ.

ಹೋದ ತಿಂಗಳು ಗ್ಯಾಲರಿಯ ಮೇಡಂ ಒಂದು ಚಿತ್ರ ಕಳಿಸಿದರು. ಪೆಟ್ಟಿಗೆ ಬಿಚ್ಚಿದವಳು ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಮ್ಮ ಹಿಮದ ಬೆಟ್ಟ. ಯಾರೋ ಒರೆಸಲು ಕೊಟ್ಟು ಮರೆತುಹೋಗಿದ್ದರಿಂದ ಅದು ಅಪ್ಪನ ಕೆಲಸದ ಕೋಣೆಯಲ್ಲಿ ವರ್ಷಗಟ್ಟಲೆ ನೇತಾಡಿಕೊಂಡಿತ್ತು. ಮೂರು ಶಿಖರ, ಕೆಳಗೆ ಹೆಪ್ಪುಗಟ್ಟಿದ ಕೆರೆ, ದಡದಲ್ಲಿ ತಲೆ ತಗ್ಗಿಸಿ ನಿಂತ ಕಪ್ಪು ಮರಗಳು. ಹಿಮವೆಲ್ಲ ನೀಲಿ. ಇಂಥ ಬೆಟ್ಟ ಎಲ್ಲಿದೆ ಎಂದು ನಾನು ಕೇಳಿದರೆ ಅಪ್ಪ, ಎಲ್ಲೂ ಇಲ್ಲ, ಇದರಲ್ಲಿ ಬೆಟ್ಟ ಅಂದರೆ ಬೆಟ್ಟವಲ್ಲ, ಬರೆದವನ ದುಃಖ, ಆ ಮರಗಳು ಯಾರನ್ನೋ ಬೀಳ್ಕೊಡಲು ಬಂದವರು ಎನ್ನುತ್ತಿದ್ದರು. ನನಗೆ ಅದೆಲ್ಲ ತಲೆಗೆ ಹೋಗುತ್ತಿರಲಿಲ್ಲ. ನನಗೆ ಬೇಕಾದದ್ದು ಬೆಟ್ಟದ ಬುಡದಲ್ಲಿದ್ದ ಪುಟ್ಟ ಮನೆ, ಅದರ ಕಿಟಕಿಯ ಹಳದಿ ಬೆಳಕು.

ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹನ್ನೆರಡು. ನಾನು ಅನ್ನ ನೀರು ಬಿಟ್ಟು ಹಠ ಹಿಡಿದು ಕೂತಿದ್ದೆನಂತೆ. ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಎತ್ತಿಕೊಂಡು ಆ ಕಿಟಕಿ ತೋರಿಸಿದರು. ಅಮ್ಮ ಅಲ್ಲಿದ್ದಾಳೆ, ದೀಪ ಹಚ್ಚಿಕೊಂಡು ನೀನು ಊಟ ಮಾಡುತ್ತೀಯೋ ಇಲ್ಲವೋ ಅಂತ ನೋಡುತ್ತಿದ್ದಾಳೆ ಎಂದರು. ಅಂದಿನಿಂದ ಶಾಲೆ ಬಿಟ್ಟು ಬಂದವಳು ಚೀಲ ಬಿಸಾಡಿ ಮೊದಲು ದೀಪ ನೋಡುತ್ತಿದ್ದೆ, ತಟ್ಟೆಯನ್ನು ಅಲ್ಲಿಗೇ ತಂದು ಉಣ್ಣುತ್ತಿದ್ದೆ. ಸೇರದ ತರಕಾರಿಯನ್ನು ಮಾತ್ರ ಚಿತ್ರಕ್ಕೆ ಬೆನ್ನು ಹಾಕಿ ಹಿತ್ತಲಿಗೆ ಎಸೆಯುತ್ತಿದ್ದೆ. ನನಗೆ ಹದಿನೇಳಾದಾಗ ಚಿತ್ರದ ಮಾಲೀಕರ ಮಗ ಹಳೇ ಚೀಟಿ ಹಿಡಿದುಕೊಂಡು ಬಂದು ಅದನ್ನು ಒಯ್ದ. ಆ ದಿನ ಗೋಡೆಯ ಮೊಳೆ ನೋಡಿಕೊಂಡು ಊಟ ಮಾಡಿದೆ.

ಈಗ ಅದೇ ಚಿತ್ರ ನನ್ನ ಮೇಜಿನ ಮೇಲೆ. ಒರೆಸುವ ಮುಂಚೆ ಕೋಣೆ ಕತ್ತಲೆ ಮಾಡಿ ಚಿತ್ರಕ್ಕೆ ನೇರಳೆ ದೀಪ ಹಿಡಿಯುವುದು ನಮ್ಮ ಪದ್ಧತಿ. ಹಳೇ ವಾರ್ನಿಷ್ ಆ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ, ಆಮೇಲೆ ಯಾರಾದರೂ ಬಣ್ಣ ಸೇರಿಸಿದ್ದರೆ ಅಷ್ಟು ಜಾಗ ಕಪ್ಪಾಗಿ ಕಾಣುತ್ತದೆ. ಇಡೀ ಬೆಟ್ಟ ಹೊಳೆಯಿತು. ಕಿಟಕಿ ಮಾತ್ರ ಕಪ್ಪಗಿತ್ತು.

ಬರೆದವನು ಹಾಕದ ಒಂದು ಚುಕ್ಕೆಯನ್ನೂ ಹಾಕಬಾರದು ಎಂದು ನನ್ನ ಕಿವಿ ಹಿಂಡಿ ಕಲಿಸಿದ ಅಪ್ಪ ಮಾಡಿದ ಕೆಲಸವೇ ಇದು? ಮೇಡಂ ಅಂತೂ ಮೊದಲೇ ಖಡಾಖಂಡಿತವಾಗಿ ಹೇಳಿದ್ದರು, ಬರೆದವನ ಕೈ ಬಿಟ್ಟು ಬೇರೆ ಯಾರದ್ದೂ ಉಳಿಯಬಾರದು, ಶುಕ್ರವಾರ ಪ್ರದರ್ಶನ. ಮುಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ನನ್ನ ವರದಿಯೇ ಅವರಿಗೆ ವೇದವಾಕ್ಯ. ಮೂವತ್ತು ವರ್ಷದಲ್ಲಿ ಒಂದು ಸುಳ್ಳು ವರದಿ ಬರೆದವಳಲ್ಲ ನಾನು, ಆದರೆ ಆ ದೀಪ ಆರಿಸುವುದು ನನ್ನ ಕೈಯಲ್ಲಾಗದು. ದಿನವೂ ಶಿಖರ, ಕೆರೆ, ಮರ ಎಲ್ಲವನ್ನೂ ಒರೆಸಿದೆ, ಮನೆಯ ಸುತ್ತಲೇ ಸುತ್ತಿದೆ. ಗುರುವಾರ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಊಟದ ಡಬ್ಬಿ ಹಿಡಿದುಕೊಂಡೇ ಬಂದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ಹಾಕಿಕೊಂಡು ಕಿಟಕಿಯನ್ನು ನೋಡಿದಳು.

“ನಂಗೊತ್ತಿತ್ತು ಕಣೇ ಮೊಂಡಿ. ಹಳದಿ ಕಲಸಿಕೊಟ್ಟಿದ್ದೇ ನಾನು. ನೀನು ಮೂರು ದಿನದಿಂದ ಏನೂ ತಿಂದಿರಲಿಲ್ಲ.”

ಐವತ್ತು ವರ್ಷ ಬಾಯಿ ಬಿಡಲಿಲ್ಲವಲ್ಲ ಎಂದು ನಾನು ರೇಗಾಡಿದೆ. ಅವಳ ಮಕ್ಕಳ ಮದುವೆ, ನನ್ನ ಕಾಯಿಲೆ, ಅಪ್ಪನ ಕೊನೇ ದಿನಗಳು, ಯಾವಾಗ ಬೇಕಾದರೂ ಹೇಳಬಹುದಿತ್ತು. ನಾನು ಸುಸ್ತಾದ ಮೇಲೆ ಅಕ್ಕ ನಿಧಾನವಾಗಿ ಉಳಿದದ್ದನ್ನು ಹೇಳಿದಳು. ಅಪ್ಪ ಆ ಹಳದಿಯನ್ನು ವಾರ್ನಿಷ್ ಮೇಲೆ ಹಾಕಿದ್ದರಂತೆ, ಮುಂದೆ ಒರೆಸುವವರಿಗೆ ಒಂದೇ ಏಟಿಗೆ ಹೋಗಲಿ ಎಂದು. ಚಿತ್ರ ವಾಪಸು ಕೊಡುವ ದಿನ ತಾವೇ ಹತ್ತಿ ಸುತ್ತಿಕೊಂಡು ಕೂತರಂತೆ. ಎರಡು ಸಲ ಕೈ ಎತ್ತಿ, ಎರಡು ಸಲವೂ ಇಳಿಸಿದರಂತೆ.

“ನೀನು ಒರೆಸು,” ಎಂದಳು ಅಕ್ಕ. “ಇಷ್ಟು ವರ್ಷದಿಂದ ಅಮ್ಮ ದೀಪ ಹಚ್ಕೊಂಡು ಕೂತಿದಾಳೆ. ನಂದು ಊಟ ಆಯ್ತು ಅಂತ ಹೇಳು. ಇನ್ನಾದ್ರೂ ಮಲಗ್ಲಿ.”

ಕಡ್ಡಿಗೆ ಹತ್ತಿ ಸುತ್ತಿದೆ. ಅಪ್ಪ ಎಣಿಸಿದ್ದಂತೆಯೇ ಒಂದೇ ಏಟಿಗೆ ಬಂತು. ಹತ್ತಿಯ ಮೇಲೆ ಒಂದಿಷ್ಟು ಹಳದಿ, ಚಿತ್ರದಲ್ಲಿ ಬರೆದವನು ಬರೆದಿದ್ದ ಮುಚ್ಚಿದ, ಕತ್ತಲೆ ಕಿಟಕಿ. ನಾನು ಆರು ವರ್ಷದವಳ ಹಾಗೆ ಅತ್ತೆ. ಮುಖ ತೊಳೆದು ಬಂದು ವರದಿ ಬರೆದೆ: ‘ನಂತರದ ಸೇರ್ಪಡೆ, ಕಿಟಕಿಯಲ್ಲಿ ಒಂದು ದೀಪ. ಸೇರಿಸಿದವರು ನನ್ನ ತಂದೆ. ತೆಗೆದವಳು ನಾನು.’

ಅಕ್ಕ ಡಬ್ಬಿ ಬಿಚ್ಚಿದಳು. ಚಿತ್ರದ ಎದುರಿಗೇ ಕೂತು, ಸೇರದ ತರಕಾರಿಯನ್ನೂ ಬಿಡದೆ ತಿಂದೆ.