ಒಂದು ಗಂಟೆ ಬಿಟ್ಟು

"ಪಟ್ಟಿ ಕೊಡಿ ಅಂದೆ," ಲ್ಯಾಬಿನ ಮುಖ್ಯಸ್ಥ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಕೈಚಾಚಿದ.

"ಹನ್ನೆರಡೂ ತಟ್ಟೆಯ ಸತ್ತ ಕೋಶ ಎಣಿಸಿ, ಆಮೇಲೆ ಕೊಡ್ತೀನಿ," ಎಂದಳು ಅಕ್ಕ. ನರಕೋಶಗಳನ್ನು ಬೆಳೆಸುವ ತಂತ್ರಜ್ಞೆಯನ್ನು ಅಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಯಾವ ತಟ್ಟೆಗೆ ಔಷಧಿ, ಯಾವುದಕ್ಕೆ ಬರೀ ಉಪ್ಪುನೀರು ಎಂಬ ಪಟ್ಟಿ ಅವಳ ಕೋಟಿನ ಜೇಬಿನಲ್ಲಿತ್ತು. ಎಣಿಸುವವರಿಗೆ ಅದು ತಿಳಿಯಕೂಡದು. ಅವಳ ಎಣಿಕೆಯನ್ನು ನಂಬದೆ ಈ ಸಲ ಅವನೇ ಕೂತಿದ್ದ.

ಜಗಳ ಹೊತ್ತಿಕೊಂಡದ್ದು ಹಿಂದಿನ ವಾರದ ಸಭೆಯಲ್ಲಿ. ಗ್ಲುಟಮೇಟ್ ಎಂಬುದು ನರಕೋಶಗಳು ಪರಸ್ಪರ ಮಾತಾಡಿಕೊಳ್ಳುವ ರಾಸಾಯನಿಕ. ಪಾರ್ಶ್ವವಾಯು ಬಡಿದಾಗ ಅದು ಮಿತಿಮೀರಿ ಉಕ್ಕಿ, ಕೋಶದ ಮೇಲಿನ ಗ್ರಾಹಕಗಳನ್ನು, ಅಂದರೆ ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳನ್ನು, ತೆರೆದೇ ಇಟ್ಟು, ಕೋಶವನ್ನೇ ಕೊಲ್ಲುತ್ತದೆ. ಮುಖ್ಯಸ್ಥನ ಔಷಧಿ ಆ ಗ್ರಾಹಕಗಳ ಬಾಯಿ ಮುಚ್ಚುತ್ತಿತ್ತು. ಮೊದಲು ಔಷಧಿ, ಆಮೇಲೆ ಗ್ಲುಟಮೇಟ್ ಹಾಕಿದ ತಟ್ಟೆಗಳಲ್ಲಿ ಕೋಶಗಳು ಬದುಕಿದ್ದವು. ಔಷಧಿಗೆ ಹಣ ಹಾಕಲು ಬಂದಿದ್ದ ಕಂಪನಿಯವರು ತಲೆದೂಗುತ್ತಿರುವಾಗ ಅಕ್ಕ ಹಿಂದಿನ ಸಾಲಿನಿಂದ ಕೇಳಿಬಿಟ್ಟಿದ್ದಳು: "ಲಕ್ವ ಹೊಡೆಯೋ ಮುಂಚೆನೇ ಯಾರು ಸರ್ ಆಸ್ಪತ್ರೆಗೆ ಬಂದು ಮದ್ದು ಕೇಳ್ತಾರೆ?" ಅದಕ್ಕೇ ಈ ತಟ್ಟೆಗಳು: ಗ್ಲುಟಮೇಟ್ ಹಾಕಿ, ಒಂದು ಗಂಟೆ ಬಿಟ್ಟು ಔಷಧಿ.

ಎಣಿಕೆ ಮುಗಿಸಿ ಅವನು ಸಂಖ್ಯೆಗಳನ್ನು ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಬರೆದ. ಅಕ್ಕ ಪಟ್ಟಿ ಬಿಡಿಸಿ ಓದಿದಳು. ಔಷಧಿಯ ತಟ್ಟೆಗಳಲ್ಲೂ ಉಪ್ಪುನೀರಿನವುಗಳಲ್ಲೂ ಸತ್ತ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ.

"ನೀನೇ ಏನೋ ಕಿತಾಪತಿ ಮಾಡಿದೀಯ." ಹತ್ತೊಂಬತ್ತು ವರ್ಷದಲ್ಲಿ ಅವನು ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಎಣಿಸಿದ್ದು ನೀವು. ಬರೆದದ್ದೂ ನಿಮ್ಮ ಅಕ್ಷರ."

"ಈ ಪುಟ ಹರಿದುಹಾಕು."

"ನೀವು ಪಿಪೆಟ್ ಹಿಡಿಯೋಕೆ ಬರದೆ ಒದ್ದಾಡ್ತಿದ್ದಾಗ ಹೇಳಿಕೊಟ್ಟವಳು ನಾನು. ಹರಿಯೋದನ್ನ ಹೇಳಿಕೊಟ್ಟಿರಲಿಲ್ಲ."

ಅವನು ಪುಸ್ತಕಕ್ಕೆ ಕೈ ಹಾಕುವಷ್ಟರಲ್ಲಿ ಅವಳು ಅದನ್ನು ಎದೆಗವಚಿಕೊಂಡು ಹೊರಟಾಗಿತ್ತು. ಮೇಲಿನ ಮಹಡಿಯ ದಾಖಲೆ ವಿಭಾಗದ ಗುಮಾಸ್ತೆ ಪುಟಕ್ಕೆ ಮೊಹರು ಒತ್ತುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ; ಮೊಹರು ಬಿದ್ದ ಪುಟವನ್ನು ಇನ್ನು ಯಾರೂ ತೆಗೆಯುವಂತಿರಲಿಲ್ಲ.

ಪುಟ ವರದಿಗೆ ಸೇರಿತು. ಕಂಪನಿಯವರು ಮತ್ತೆ ಬರಲಿಲ್ಲ. ಅಕ್ಕನನ್ನು ಗಾಜು ತೊಳೆಯುವ ಕೋಣೆಗೆ ಹಾಕಿದರು.

ಅಲ್ಲಿಗೆ ಹೋದ ನಾಲ್ಕನೆಯ ಬೆಳಿಗ್ಗೆ ಅವಳು ತೊಳೆದ ಬಾಟಲಿಗಳ ಗಾಡಿ ತಳ್ಳಿಕೊಂಡು ಲ್ಯಾಬಿನ ಮುಂದೆ ಹಾದಳು. ಬಾಗಿಲಿನ ಗಾಜಿನಾಚೆ ಮುಖ್ಯಸ್ಥ ಒಬ್ಬನೇ ಕೂತು, ಎಳೆಯ ಕೋಶಗಳ ತಟ್ಟೆಗಳಿಂದ ಹಳೆಯ ದ್ರವ ಹೀರಿ ಹೊಸದನ್ನು ಬಿಡುತ್ತಿದ್ದ. ಅವಳು ಹೇಳಿಕೊಟ್ಟಿದ್ದಂತೆಯೇ, ಬಲು ನಿಧಾನವಾಗಿ, ಒಂದೊಂದೇ ಹನಿ. ಗಾಡಿಯ ಗಾಲಿ ಕಿರುಗುಟ್ಟಿತು. ಅವನು ತಲೆ ಎತ್ತಲಿಲ್ಲ.