ನಂಬರು ಬಿದ್ದ ಬೋನು

ಸದ್ದು ಇಲಿಬೋನಿನೊಳಗಿಂದಲೇ ಬರುತ್ತಿದೆ ಎಂದು ಒಪ್ಪಿಕೊಳ್ಳಲು ಎಡ್ಮಂಡ್ ಥ್ರೇಲ್‌ಗೆ ಹತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಅದನ್ನು ಹೀಟರಿನ ಕೊಳವೆಗೆ, ಕಿಟಕಿಗೆ, ಕೊನೆಗೆ ತನ್ನ ಕಿವಿಗೇ ಅಂಟಿಸಲು ನೋಡಿದ. ಗಾಜಿನ ಬೀರುವಿನಲ್ಲಿ, ಬೆಣ್ಣೆ ಕಡೆಯುವ ಪೀಪಾಯಿಯ ಪಕ್ಕ, ನೂರೈವತ್ತು ವರ್ಷದ ಮರದ ಬೋನು. ಅದರ ತಂತಿಯ ಹಿಂದೆ ಒಂದು ಮೂತಿ. ಮುಂದೆ ಅವನದೇ ಅಕ್ಷರದ ಚೀಟಿ: ‘ಈಗ ಕೆಲಸ ಮಾಡುವುದಿಲ್ಲ.’

ನಾರ್ಫೋಕ್‌ನ ಈ ಸಣ್ಣ ಊರಿನ ಮ್ಯೂಸಿಯಂಗೆ ಹನ್ನೊಂದು ವರ್ಷದ ಹಿಂದೆ, ಮೂರು ತಿಂಗಳ ಕೆಲಸಕ್ಕೆಂದು ಬಂದಾಗ ಬರೆದದ್ದು. ಪರೀಕ್ಷಿಸಿ ಬರೆದದ್ದಲ್ಲ. ಸಂಗ್ರಹಕ್ಕೆ ಸೇರಿ ನಂಬರು ಬಿದ್ದ ವಸ್ತುವನ್ನು ಯಾರೂ ಬಳಸಿ ನೋಡುವಂತಿಲ್ಲ; ನಂಬರು ಬಿತ್ತೆಂದರೆ ಅದು ನಿವೃತ್ತ. ಇಲಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಮಂಡಿಯೂರಿ ಗಾಜಿಗೆ ಮುಖವಿಟ್ಟ. ಯಾವನೋ ಹಳ್ಳಿ ಬಡಗಿಯ ಕೆಲಸ. ಸ್ಪ್ರಿಂಗಿಲ್ಲ, ಮುಳ್ಳಿಲ್ಲ. ನಡುವೆ ತೂತು, ಒಳಗೆ ಏತದ ಹಾಗೆ ತೂಗುವ ಹಲಗೆ. ಇಲಿ ಇಳಿದು ಒಂದು ಪಕ್ಕಕ್ಕೆ ನಡೆದರೆ ಅದರ ಭಾರಕ್ಕೇ ಹಲಗೆ ವಾಲಿ ಬಂದ ದಾರಿ ಮುಚ್ಚುತ್ತದೆ, ಇನ್ನೊಂದು ಪಕ್ಕ ಮುಂದಿನ ಇಲಿಗೆ ತೆರೆಯುತ್ತದೆ. ಒಳಗಿರುವುದು ತಗಡಿನ ಬಾಗಿಲು ತಳ್ಳಿಕೊಂಡು ಮುಂದಿನ ಗೂಡಿಗೆ ಹೋಗಬಹುದು. ಆ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಯಾರೂ ಬಂದು ಮತ್ತೆ ಹೂಡಬೇಕಿಲ್ಲ. ಒಂದೇ ರಾತ್ರಿ ಇಪ್ಪತ್ತೇಳು ಇಲಿ ಹಿಡಿಯಿತೆಂದು ಬಡಗಿ ಜಾಹೀರಾತು ಕೊಟ್ಟಿದ್ದ. ಎಡ್ಮಂಡ್ ಅದನ್ನು ಓದಿ ನಕ್ಕಿದ್ದ.

ಒಳಗೆ ತಿಂಡಿಯ ಚೂರೂ ಇರಲಿಲ್ಲ. ಅದು ಅವನನ್ನು ಹೆಚ್ಚು ಕಂಗೆಡಿಸಿತು. ಆಸೆ ತೋರಿಸದೆ ಹಿಡಿಯುವುದು ಹೇಗೆ? ಬೆಚ್ಚಗಿದೆ, ಕತ್ತಲಿದೆ, ತನ್ನ ಅಳತೆಗೆ ಸರಿಯಾಗಿದೆ ಎಂದು ಬೀರುವಿನ ಹಿಂದಿನ ಸಂದಿಯಲ್ಲಿ ನುಸುಳಿ ಬಂದಿರಬೇಕು. ಈ ಕೆಲಸಕ್ಕೆ ಅರ್ಜಿ ಹಾಕಿದಾಗ ತಾನು ಏನು ಯೋಚಿಸಿದ್ದೆ ಎಂದು ನೆನಪು ಮಾಡಿಕೊಳ್ಳಲು ಹೋಗಿ ಬಿಟ್ಟುಬಿಟ್ಟ.

ನೆಲ ಒರೆಸುವ ಡೊರೀನ್ ಗಟ್ಟರಿಜ್ ಬಂದು ಬಗ್ಗಿ ನೋಡಿದಳು.

“ಜೀವ ಇದೆಯಲ್ಲ ಇದಕ್ಕೆ. ಮುಚ್ಚಳ ಎತ್ತಿ ಬಿಟ್ಬಿಡಿ, ಹಿತ್ತಲಿಗೆ ಹೋಗ್ಲಿ.”

“ಬೀರು ತೆಗೀಬೇಕಾದ್ರೆ ಇಬ್ಬರ ಸಹಿ ಬೇಕು.”

“ನಾನ್ ಹಾಕ್ತೀನಿ ಕೊಡಿ.”

“ನಿಮ್ಮದು ನಡೆಯಲ್ಲ.”

ಹೇಳಿದ ಮೇಲೆ ನಾಚಿಕೆಯಾಯಿತು. ಅವಳಿಗೆ ಬೇಸರವಾದಂತೆ ಕಾಣಲಿಲ್ಲ, ಅದು ಇನ್ನೂ ಕೆಟ್ಟದೆನಿಸಿತು. “ಓದಿದೋರು ನೀವು,” ಎಂದಷ್ಟೇ ಹೇಳಿ ಬಕೆಟ್ಟು ಎತ್ತಿಕೊಂಡು ಹೋದಳು.

ಮುಖ್ಯಸ್ಥೆ ಮಿಸ್ ಪಾರ್ಫಿಟ್ ಯಾವುದೋ ಸಭೆಗೆಂದು ಲಂಡನ್ನಿಗೆ ಹೋಗಿದ್ದಳು. ಫೋನಿನಲ್ಲಿ ವಿಷಯ ಕೇಳಿ ನಕ್ಕಳು. ಹನ್ನೊಂದು ವರ್ಷದಲ್ಲಿ ಅವನು ಕೇಳಿದ ಅವಳ ಮೊದಲ ನಗು. ನಾಲ್ಕಕ್ಕೆ ಪತ್ರಿಕೆಯ ಫೋಟೋದವನನ್ನು ಕಳಿಸುತ್ತೇನೆ, ಅಲ್ಲಿಯವರೆಗೆ ಇಲಿ ಒಳಗೇ ಇರಲಿ ಎಂದಳು. ಅದು ನಿನ್ನೆಯಿಂದ ನೀರಿಲ್ಲದೆ ಇರಬಹುದು ಎಂದು ಹೇಳಬೇಕೆಂದಿದ್ದ. “ಆಗಲಿ, ಮಿಸ್ ಪಾರ್ಫಿಟ್,” ಎಂದ.

ಬೀಗದ ಕೈ ಜೇಬಿನಲ್ಲೇ ಇತ್ತು. ಮಧ್ಯಾಹ್ನ ಸ್ಯಾಂಡ್‌ವಿಚ್ಚಿನಿಂದ ಚೀಸಿನ ಚೂರೊಂದನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡ. ಸಂಗ್ರಹದ ಬಳಿ ತಿನಿಸು ಒಯ್ಯುವಂತಿಲ್ಲವೆಂದು ನೆನಪಾಗಿ ತಾನೇ ತಿಂದ. ಎರಡಕ್ಕೆ ಮೂತಿ ತಂತಿಯ ಬಳಿ ಇರಲಿಲ್ಲ. ಮೂರಕ್ಕೆ ಇಲಿ ಮಗ್ಗುಲಾಗಿತ್ತು. ಮಲಗಿದೆ ಎಂದುಕೊಂಡ. ಇಲಿಗಳು ಹಗಲು ಮಲಗುವುದು ಸಹಜವೇ. ಮೂರೂವರೆಗೆ ಮತ್ತೆ ಬಂದು, ಸಹಜವೇ ಎಂದು ಇನ್ನೊಮ್ಮೆ ಹೇಳಿಕೊಂಡ.

ನಾಲ್ಕಕ್ಕೆ ಬೀರು ತೆರೆಯಿತು. ಎರಡನೆಯ ಸಹಿಯನ್ನು ಮಿಸ್ ಪಾರ್ಫಿಟ್ ಫೋನಿನಲ್ಲೇ ಕೊಟ್ಟಳು. ಬೆಳಿಗ್ಗೆಯೇ ಕೇಳಿದ್ದರೆ ಕೊಡುತ್ತಿದ್ದಳೋ ಏನೋ; ಅವನು ಕೇಳಿರಲಿಲ್ಲ. ಫೋಟೋದವನು ಬೋನನ್ನು ಅಲುಗಿಸಿ ನೋಡಿದ.

“ಹೋಗ್ಬಿಟ್ಟಿದೆ ಅನ್ಸುತ್ತೆ. ಪರವಾಗಿಲ್ಲ, ಫೋಟೋದಲ್ಲಿ ಯಾರಿಗೂ ಗೊತ್ತಾಗಲ್ಲ. ಸ್ವಲ್ಪ ನಗಿ.”

ಎಡ್ಮಂಡ್ ನಕ್ಕ.

ಇಲಿ ಇನ್ನು ಬೋನಿಗೆ ಸೇರಿದ್ದು, ಚರ್ಮದೊಳಗೆ ಒಣಹುಲ್ಲು ತುಂಬಿಸಿ ಪಕ್ಕದಲ್ಲೇ ಇಡೋಣ, ನಂಬರು ಕೊಡಿ ಎಂದು, ಸತ್ತ ಸುದ್ದಿ ಕೇಳಿದ ಮಿಸ್ ಪಾರ್ಫಿಟ್ ಫೋನಿನಲ್ಲಿ ಹೇಳಿದಳು. ಅವನು ನಂಬರಿನ ಚೀಟಿಗೆ ದಾರ ಪೋಣಿಸಿ ಇಲಿಯ ಹಿಂಗಾಲಿಗೆ ಸುತ್ತಿದ. ಕಾಲು ಇನ್ನೂ ಬೆಚ್ಚಗಿತ್ತು. ಬೆರಳ ತುದಿಯಲ್ಲಿ ಸಣ್ಣದೊಂದು ಬಡಿತ. ಅದರದೋ, ತನ್ನದೋ? ತನ್ನದೇ ಇರಬೇಕು ಎಂದುಕೊಂಡು ಗಂಟು ಬಿಗಿದ.

ಹೊಸದಾಗಿ ಬಂದದ್ದೆಲ್ಲ, ಹುಳ ಹುಪ್ಪಟೆ ಸಾಯಲೆಂದು, ಎರಡು ವಾರ ನೆಲಮಾಳಿಗೆಯ ಫ್ರೀಜರಿನಲ್ಲಿರಬೇಕು. ಇಲಿಯನ್ನಿಟ್ಟ ರಟ್ಟಿನ ಡಬ್ಬಿಯನ್ನು ಒಳಗಿಟ್ಟು ಫ್ರೀಜರಿನ ಮುಚ್ಚಳ ಹಾಕಿದ. ಹಾಕಿದ ಮೇಲೆ ಆ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದು ನೋಡಿದ. ಅಲ್ಲಿ ಯಾವ ಬಡಿತವೂ ಸಿಗಲಿಲ್ಲ.

ಹಿಡಿ ಎಳೆದ. ಮುಚ್ಚಳ ಏಳಲಿಲ್ಲ. ಆಗತಾನೆ ಮುಚ್ಚಿದ ಫ್ರೀಜರು ಹಾಗೆಯೇ. ಒಳಹೊಕ್ಕ ಗಾಳಿ ತಣ್ಣಗಾಗಿ ಮುಚ್ಚಳವನ್ನು ಹೀರಿ ಹಿಡಿಯುತ್ತದೆ, ನಾಲ್ಕೈದು ನಿಮಿಷ ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ. ಅದು ಅವನಿಗೆ ಗೊತ್ತಿತ್ತು. ಮಂಡಿಯನ್ನು ಅದರ ಬಿಳಿ ಮೈಗೆ ಊರಿ, ಎರಡೂ ಕೈಯಿಂದ ಎಳೆಯುತ್ತಲೇ ಇದ್ದ.