ಗುಟುಕು ನೀರಿನ ಬಾಣಂತನ

ಇಂಗ್ಲೆಂಡಿನ ಡರ್ಬಿಯ ಆ ಸಾಲುಮನೆಯಲ್ಲಿ ಬಾಣಂತನ ಅಚ್ಚುಕಟ್ಟಾಗಿ ನಡೆದಿತ್ತು. ಬೆಂಗಳೂರಿನಿಂದ ಬಂದಿಳಿದ ಭಾಗೀರಥಮ್ಮ ಸೊಸೆ ಹರಿಪ್ರಿಯಾಳ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫ್ ಬಿಗಿದು, ಮಹಡಿಯ ಹಿಂದಿನ ಕೋಣೆಯಲ್ಲಿ ಮಲಗಿಸಿದ್ದರು. ಸ್ಮೋಕ್ ಅಲಾರ್ಮ್ ಕೂಗಬಾರದೆಂದು ಅದಕ್ಕೆ ಬಟ್ಟೆ ಸುತ್ತಿ ದಿನವೂ ಸಾಂಬ್ರಾಣಿ ಹಾಕುತ್ತಿದ್ದರು. ಮೆಣಸಿನ ಸಾರು, ಬಿಸಿ ಅನ್ನ, ತುಪ್ಪ ಯಾವುದಕ್ಕೂ ಕೊರತೆಯಿರಲಿಲ್ಲ. ಕೊರತೆ ಕುಡಿಯುವ ನೀರಿಗೆ ಮಾತ್ರ. ಊಟವಾದ ಮೇಲೆ ಓಮ ಹಾಕಿ ಕುದಿಸಿದ್ದು ಒಂದು ಗುಟುಕು, ಅಷ್ಟೇ.

“ಹಸಿ ಮೈಗೆ ನೀರು ಬಿದ್ರೆ ಶೀತ ಹತ್ತುತ್ತೆ ಕಣೆ. ಹೊಟ್ಟೆ ಬರುತ್ತೆ, ಮಗೂಗೂ ನೆಗಡಿ.”

ತಾಯಿ ಮಗುವನ್ನು ನೋಡಲು ಮನೆಗೇ ಬರುವ ಮಿಡ್‌ವೈಫ್ ಚೆನ್ನಾಗಿ ನೀರು ಕುಡಿಯಬೇಕೆಂದು ಹೇಳಿ ಹೋದ ದಿನ, “ಅವಳಿಗೇನು ಗೊತ್ತು ನಮ್ಮ ಮೈ?” ಎಂದು ಭಾಗೀರಥಮ್ಮ ಲೋಟವನ್ನೇ ಎತ್ತಿಕೊಂಡು ಹೋದರು. ಸೊಸೆ ಬಾತ್‌ರೂಮಿಗೆ ಹೋದರೂ, ನಲ್ಲಿಗೆ ಬಾಯಿಟ್ಟಾಳೆಂದು ಬಾಗಿಲ ಹೊರಗೆ ಕಾವಲು ನಿಲ್ಲುತ್ತಿದ್ದರು. ಎಲ್ಲವೂ ಪ್ರೀತಿಯಿಂದಲೇ, ಅದೇ ಕಷ್ಟ. ಬೈಯುವ ಅತ್ತೆಗೆ ತಿರುಗಿ ಬೈಯಬಹುದು, ಕಾಲು ಒತ್ತುವ ಅತ್ತೆಗೆ ಏನನ್ನುವುದು? ವಿಮಾನದ ಎಂಜಿನ್‌ಗಳ ಲೆಕ್ಕ ಬಲ್ಲ ಗಂಡ ಅಶ್ವಿನ್‌ಗೂ ಇದರ ಲೆಕ್ಕ ಹೊಳೆಯಲಿಲ್ಲ. “ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ” ಎಂದುಬಿಟ್ಟ.

ಅಷ್ಟರಲ್ಲಿ ಬಿರುಮಳೆಗೆ ಡರ್ವೆಂಟ್ ನದಿ ಉಕ್ಕಿ ಬೀದಿಗೆ ಬಂತು. ಕೆಳಗೆ ಸೋಫಾ ತೇಲಿತು, ಕರೆಂಟು ಹೋಯಿತು. ರಸ್ತೆ ಮುಚ್ಚಿ ಮಿಡ್‌ವೈಫ್ ಬರುವುದೂ ನಿಂತಿತು. ಅತ್ತೆಗೆ ಎದುರು ಹೇಳುತ್ತಿದ್ದ ಒಂದೇ ದನಿ ಅದು. ಹರಿಪ್ರಿಯಾಳ ನಾಲಗೆ ಅಂಗುಳಿಗೆ ಅಂಟುತ್ತಿತ್ತು, ಎದೆಹಾಲು ಬತ್ತುತ್ತಿತ್ತು. ಬೆಳಗ್ಗೆ ಕಟ್ಟಿದ ನ್ಯಾಪಿ ಸಂಜೆಯಾಗುತ್ತ ಬಂದರೂ ಒದ್ದೆಯಾಗಿರಲಿಲ್ಲ. ಮಗು ಅಳುವುದನ್ನೂ ಬಿಟ್ಟು ಸುಮ್ಮನೆ ಬಿದ್ದುಕೊಂಡಿತ್ತು.

ಹೊರಗೆ ಬೀದಿಯವರೇ ಒಂದು ದೋಣಿ ಹೊಂದಿಸಿಕೊಂಡು ಮನೆಮನೆಗೂ ಬರುತ್ತಿದ್ದರು. ಪಕ್ಕದ ಮನೆಯ ವಯಸ್ಸಾದ ಮೌರೀನ್ ಅದರಲ್ಲಿ ಕೂತು ಕೂಗಿದರು. ಚರ್ಚ್ ಹಾಲ್ ಬೆಚ್ಚಗಿದೆ, ನರ್ಸ್ ಇದ್ದಾರೆ ಎಂದು ಹೇಳಿ, ತಾಯಿ ಮಗು ಚೆನ್ನಾಗಿದ್ದಾರೆಯೇ ಎಂದು ಕೇಳಿದರು.

“ಬೇಡ ಕಣೋ, ಹಸಿ ಬಾಣಂತಿ ಹೊಸಿಲು ದಾಟೋ ಹಾಗಿಲ್ಲ,” ಭಾಗೀರಥಮ್ಮ ಮಗನ ಕಿವಿಯಲ್ಲಿ ಅಂದರು.

ಅಶ್ವಿನ್ ಮಹಡಿಯ ಮುಂದಿನ ಕಿಟಕಿಯಿಂದ ಬಗ್ಗಿ, “ವಿ ಆರ್ ಫೈನ್, ಥ್ಯಾಂಕ್ಸ್!” ಎಂದ. ದೋಣಿ ಮುಂದಕ್ಕೆ ಸರಿಯಿತು.

ಹರಿಪ್ರಿಯಾ ಮಗುವನ್ನೆತ್ತಿಕೊಂಡು ಅಲ್ಲಿಗೇ ಬಂದಳು. ಕಿವಿಯ ಹತ್ತಿ ಕಿತ್ತೆಸೆದಳು. ಗಂಡನನ್ನು ಪಕ್ಕಕ್ಕೆ ತಳ್ಳಿ ಕಿಟಕಿಗೆ ಮುಖ ಕೊಟ್ಟು ಕೂಗಿದಳು. “ಮೌರೀನ್! ವಿ ಆರ್ ನಾಟ್ ಫೈನ್!” ದೋಣಿ ಮತ್ತೆ ಮನೆಯತ್ತ ತಿರುಗಿತು.

“ಏನೇ ಇದು, ಬೀದಿಗೆಲ್ಲ ಸಾರ್ತೀಯಾ? ನಾವೆಲ್ಲ ಹೀಗೇ ಇರ್ಲಿಲ್ವಾ? ಸತ್ತು ಹೋದ್ವಾ?”

“ಮಗು ಮೂತ್ರ ಮಾಡಿಲ್ಲ ಅತ್ತೆ. ನಾನು ಕುಡೀದೆ ಇವನಿಗೆ ಹಾಲು ಎಲ್ಲಿಂದ ಬರ್ಬೇಕು? ನಿಜ ಹೇಳಿ, ಆಗ ನಿಮಗೆ ಬಾಯಾರಿಕೆ ಆಗ್ಲಿಲ್ವಾ?”

ಭಾಗೀರಥಮ್ಮ ಮಗುವಿನ ಒಣ ನ್ಯಾಪಿ ಮುಟ್ಟಿ ನೋಡಿದರು. ದನಿ ತಗ್ಗಿಸಿ ಹೇಳಿದರು, “ಬಚ್ಚಲ ಗೋಡೆಗೆ ಸಿಡಿದ ನೀರು ನೆಕ್ಕಿದೀನಿ ಕಣೆ. ಸ್ನಾನ ಮಾಡಿಸಿದ್ಮೇಲೆ, ಯಾರೂ ನೋಡ್ದಾಗ.”

“ಮತ್ತೆ ನನಗ್ಯಾಕೆ?”

ಅಷ್ಟರಲ್ಲಿ ಕೆಳಗೆ ಮೊಣಕಾಲುದ್ದದ ನೀರಿಗಿಳಿದು ಹೋಗಿದ್ದ ಅಶ್ವಿನ್, ಮೌರೀನ್ ಕೊಟ್ಟ ನೀರಿನ ಬಾಟಲಿ ಹಿಡಿದು ಬಂದ. ತಲೆ ಎತ್ತಲಿಲ್ಲ. ಹರಿಪ್ರಿಯಾ ಅದನ್ನು ತೆಗೆದುಕೊಂಡು ಅತ್ತೆಯ ಕೈಗಿಟ್ಟಳು.

“ಮುಚ್ಚಳ ನೀವೇ ತೆಗೀರಿ.”

ಭಾಗೀರಥಮ್ಮ ಮುಚ್ಚಳ ತಿರುಗಿಸಿದರು. “ಪೂರ್ತಿ ಕುಡಿ,” ಎಂದರು.

ಹರಿಪ್ರಿಯಾ ಕುಡಿಯುತ್ತಲೇ ಮೆಟ್ಟಿಲಿಳಿದು ದೋಣಿಯತ್ತ ನಡೆದಳು. ತೋಳಿನಲ್ಲಿದ್ದ ಮಗು ಇನ್ನೂ ಅತ್ತಿರಲಿಲ್ಲ.